ಬಚ್ಚಲಲ್ಲಿ ಒಂಬತ್ತು ಗಂಟೆ

ಶಿಡ್ಲಘಟ್ಟದ ನಮ್ಮ ಬೀದಿಗೆ
ಬೆಂದ ಹುಳುವಿನ ವಾಸನೆ ಹೊಸದಲ್ಲ.
ಇದರ ನಡುವೆ ಬಾಯಿಯ ವಾಸನೆ ಯಾರಿಗೆ ತಿಳಿದೀತು
ಎಂದು ನಾನೂ ಎಷ್ಟೋ ವರ್ಷ ನೆಮ್ಮದಿಯಾಗಿದ್ದೆ.

ಬೆಳಗಾತ ಒಲೆ ಹೊತ್ತಿಸಿ
ಕುದಿವ ಗೂಡುಗಳ ಮೇಲೆ ಬಗ್ಗಿ ಎಳೆ ಹುಡುಕುವ ಮುಂಚೆ
ಬೆರಳಿಗೆ ಚಿಟಿಕೆ ಪುಡಿ, ಎರಡು ಸಲ ಉಗಿತ.
ಮನೆಯಲ್ಲಿ ನಾಲ್ಕು ಬಾಯಿ, ಮೂರು ಬ್ರಷ್ಷು,
ಅದರಲ್ಲೊಂದು ಗ್ಯಾಸಿನ ಬರ್ನರ್ ತಿಕ್ಕಲು.

ಅತ್ತೆ ಪಿಳ್ಳಮ್ಮನದು ಬೇರೆಯೇ ಕಾರ್ಖಾನೆ:
ಇಟ್ಟಿಗೆ ಪುಡಿ, ಅದರ ಮೇಲೆ ಇದ್ದಿಲು,
ಹಬ್ಬಕ್ಕೆ ಉಪ್ಪು.
ತವರು ಗುಡಿಬಂಡೆ ಕಡೆ. ಅಲ್ಲಿಯ ನೆಲದ ನೀರು
ಮುಂದಿನ ಹಲ್ಲುಗಳ ಮೇಲೆ ಎಂದೋ ಎಳೆದ ಕಂದು ಗೆರೆಯನ್ನು
ಐವತ್ತು ವರ್ಷದಿಂದ ತಿಕ್ಕುತ್ತಿದ್ದಾಳೆ.
ನಗು ಬಂದರೆ ಸೆರಗೂ ಬರುತ್ತದೆ ಬಾಯಿಗೆ,
ಕರೆಯದ ನೆಂಟನ ಹಾಗೆ.

ತಕರಾರು ಶುರುವಾದದ್ದು ಚಿಕ್ಕವಳಿಂದ.
ಶಾಲೆಗೆ ಯಾರೋ ಬಂದು
ಹಲಸಿನಕಾಯಿಯಷ್ಟು ದೊಡ್ಡ ಪ್ಲಾಸ್ಟಿಕ್ ದವಡೆ
ತೆರೆದು ತೋರಿಸಿ ಹೋದರಂತೆ.
ಅಂದಿನಿಂದ ರಾತ್ರಿ ಒಂಬತ್ತಕ್ಕೆ
ಬಚ್ಚಲ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ಭುವಿಜಾ,
ಏಳು ವರ್ಷ, ಮುಂದೆ ಎರಡು ಹಲ್ಲೇ ಇಲ್ಲ:
"ಯಾರ‍್ಯಾರು ಉಜ್ಜಿಲ್ಲ, ಬನ್ನಿ."

"ಮಲಗೋಕೆ ಮುಂಚೆ ಉಜ್ಜೋದಾ?
ಕನಸಲ್ಲಿ ಯಾರಿಗೆ ತೋರಿಸಬೇಕು?" ಅಂದರು ಇವರು,
ಬಾಯ್ತುಂಬ ಕಡ್ಲೆಮಿಠಾಯಿ.
"ಹುಳಗಳಿಗೆ ರಾತ್ರಿ ಪಾಳಿ ಅಪ್ಪಾ" ಅಂದಳು.
ಹುಳದಿಂದ ಹೊಟ್ಟೆ ಹೊರೆವವರಿಗೆ
ಆ ಮಾತು ತಟ್ಟನೆ ನಾಟಿತು.
ನಮ್ಮವು ಸೊಪ್ಪು ತಿಂದು ಗೂಡು ಕಟ್ಟುತ್ತವೆ,
ಇವು ಸಕ್ಕರೆ ತಿಂದು ಗುಂಡಿ ತೋಡುತ್ತವೆ.

ಬಟಾಣಿಯಷ್ಟು ಪೇಸ್ಟು ಸಾಕಂತೆ,
ಜೋರು ಬೇಡವಂತೆ, ದುಂಡಗೆ, ನಿಧಾನಕ್ಕೆ.
ಸಂದಿಗೆ ದಾರ ಹಾಕಬೇಕಂತೆ.
ದಾರವಾ? ನಾನು ನಕ್ಕೇ ನಕ್ಕೆ.
ರಾಟೆಯಲ್ಲಿ ಉಳಿದ ನಾಲ್ಕು ಎಳೆ ತೊಳೆದು ಹೊಸೆದು
ಹಿಂದವಡೆಗೆ ತೂರಿಸಿದೆ.
ಮದುವೆಯಾದಂದಿನಿಂದ ರೇಷ್ಮೆ ಉಡದವಳು
ಹಲ್ಲಿಗೆ ಉಡಿಸಿದೆ.
ಹೊರಬಂದದ್ದು ಮಧ್ಯಾಹ್ನದ ದಂಟಿನ ನಾರು.

ಅತ್ತೆ ಮಾತ್ರ ಹದಿನಾರು ದಿನ ಬರಲಿಲ್ಲ.
ಹದಿನೇಳನೆಯ ರಾತ್ರಿ ಮೊಬೈಲಿನ ಟಾರ್ಚು ಹಿಡಿದು
"ಆ ಅನ್ನಜ್ಜಿ, ಒಂದೇ ಸಲ" ಎಂದು
ಮೊಮ್ಮಗಳು ಗದ್ದ ಹಿಡಿದಳು.
ನಾನು ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ
ಆ ಬಾಯಿ ಪೂರ್ತಿ ತೆರೆದದ್ದು ಕಂಡಿರಲಿಲ್ಲ.

"ಅಜ್ಜಿ, ಇಲ್ಲಿ ಕೆನ್ನೆಯೊಳಗೆ
ಬಿಳೀ ಗೂಡು ಕಟ್ಟಿದೆ."

ಕಡ್ಡಿಪುಡಿ ಅವಚಿಕೊಳ್ಳುವ ಜಾಗ.
ಸೆರಗು ಎತ್ತಲು ಮರೆತು ಹಾಗೇ ಕೂತಳು ಅತ್ತೆ.
ನಲ್ಲಿ ತೊಟ್ಟಿಕ್ಕುತ್ತಿತ್ತು. ಯಾರೂ ನಿಲ್ಲಿಸಲಿಲ್ಲ.

ಗುರುವಾರ ಚಿಕ್ಕಬಳ್ಳಾಪುರಕ್ಕೆ ಹೋದೆವು.
ಡಾಕ್ಟರಮ್ಮ ಮೊದಲು ಹಲ್ಲು ನೋಡಿದರು:
"ಇದು ಕೊಳೆಯಲ್ಲಮ್ಮ, ಕಲೆ. ತಿಕ್ಕಿದರೆ ಹೋಗಲ್ಲ.
ತಿಕ್ಕಿ ತಿಕ್ಕಿ ಹಲ್ಲನ್ನೇ ಸವೆಸಿದ್ದೀರಿ."
ಅತ್ತೆ ಅದಕ್ಕೇ ಅತ್ತಳು,
ಕೆನ್ನೆಯಿಂದ ಚೂರು ಕತ್ತರಿಸಿ ಸೀಸೆಗೆ ಹಾಕಿದಾಗಲ್ಲ.
ಫಲಿತಾಂಶಕ್ಕೆ ಇನ್ನು ಎಂಟು ದಿನ.

ಈಗ ಬಚ್ಚಲ ಮೊಳೆಗೆ ನಾಲ್ಕು ಬ್ರಷ್ಷು,
ಹಸಿರಿನದು ಅತ್ತೆಯದು, ಮೆತ್ತಗಿನದು.
ಇಟ್ಟಿಗೆ ಪುಡಿ ಹಿತ್ತಲ ಕನಕಾಂಬರದ ಬುಡಕ್ಕೆ ಹೋಯಿತು.
ಕಡ್ಡಿಪುಡಿ ಡಬ್ಬಿ ಎಸೆದಿಲ್ಲ,
ಅಟ್ಟದ ಮೇಲಿಟ್ಟಿದ್ದಾಳೆ, ಸ್ಟೂಲಿಲ್ಲದೆ ಎಟುಕದ ಹಾಗೆ.
ಸ್ಟೂಲು ಎಲ್ಲಿದೆಯೆಂದು ಅವಳಿಗೆ ಗೊತ್ತು.
ಅದರ ಮೇಲೆ ನಿಂತೇ ಭುವಿಜಾ
ರಾತ್ರಿ ಒಂಬತ್ತಕ್ಕೆ ಎಲ್ಲರ ಬಾಯಿ ನೋಡುವುದು.