ಒಂದೂವರಿ ತಂಬಿಗಿ

ಎಂಟು ದಿನಕ್ಕೊಮ್ಮೆ ನಳಾ ಬರೂ ಊರಾಗ
ಸೋರೂದು ಮೊದಲು ಗೊತ್ತಾಗೂದು ಕಿವಿಗೆ.
ರಾತ್ರಿ ಎರಡಕ್ಕ ಹಿತ್ತಲದಾಗ ಟಪ್ ಅಂತು.
ಆಮ್ಯಾಲ ಬಾಳೊತ್ತು ಏನೂ ಇಲ್ಲ.
ಮತ್ತ ಟಪ್.
ಇವರು ನಿದ್ದಿಗಣ್ಣಾಗ ಮಗ್ಗಲಾ ಹೊರಳಿಸಿ ಅಂದ್ರು:
"ಬಂಬಾ ಮುಗೀತು ಬಿಡು."

ಮುಂಜಾನೆ ಕರೆಂಟ್ ಬಿಲ್ಲಿನ ಬೆನ್ನಿಗೆ ಮೂರು ಗೆರಿ ಎಳದ್ರು.
ವರ್ಕ್‌ಶಾಪಿನಾಗ ಮೂವತ್ತೊಂದು ವರ್ಷ
ರೇಲ್ವೆ ಗಾಲಿ ಸವದದ್ದು ಅಳದ ಮನಷಾ,
ಜಳಕದ ನೀರಿಗೂ ಮಿಲಿಮೀಟರಿನ ಲೆಕ್ಕ.
ಸೋಲಾರ್ ಅಂದ್ರ, ಮಾಳಿಗಿ ಮ್ಯಾಲಿನ ಮನಿಯವರದು.
ಗ್ಯಾಸಿಂದು ಅಂದ್ರ, ಬಚ್ಚಲಕ್ಕ ಕಿಟಕಿ ಇಲ್ಲ.
ಕರೆಂಟಿಂದು ಅಂದ್ರ, ಬೋರಿನ ಉಪ್ಪುನೀರು.
ಎದುರುಮನಿ ಹಂಪವ್ವನ ಗೀಸರಿನ ಕಾಯ್ಲು
ಎರಡ ವರ್ಷದಾಗ ಗಿಣಲಾ ಕಟ್ಟಿದ ತುಪ್ಪದಂಗ
ಬೆಳ್ಳಗ ದಪ್ಪಾಗಿ ಒಡದಿತ್ತು.
ನಾಕನೇ ಗೆರಿ ಅವರು ಎಳೀಲಿಲ್ಲ.

ನಂದು ಬ್ಯಾರೆ ಲೆಕ್ಕ.
ಗೋವಿನಜೋಳದ ಬೆಂಡು ಐದು, ಟೆಂಗಿನ ಚಿಪ್ಪು ಎರಡು,
ಹೊಲಿಗಿ ಕ್ಲಾಸಿನ ಚಿಂದಿ ಒಂದು ಹಿಡಿ
(ಟೆರಿಕಾಟ ಬ್ಯಾಡ, ನಾತಾ ಹೊಡೀತೈತಿ),
ಇಷ್ಟಕ್ಕ ಮೂರು ಮಂದಿ ಜಳಕಾ,
ಉಳದ ಬಿಸಿಯಾಗ ಭಾಂಡೆ.
ಹಂಗಂತ ಅದರ ಮ್ಯಾಲ ನನಗೇನೂ ಮಾಯಾ ಇಲ್ಲ.
ಹುಣಸಿಹುಳಿ ಹಚ್ಚಿ ತಿಕ್ಕಿ ತಿಕ್ಕಿ
ಉಗುರಿನ ಸಂದ್ಯಾಗ ಹಸಿರು ಕೂತೈತಿ.
ಮ್ಯಾಲಿನ ಮನಿಯಾಕಿ ಒಣಾಕಿದ ಬಿಳೀ ಅರಿವಿ ನೋಡಿ
ದಿನಾ ಒಂದು ಸಲ ಕೆಮ್ಮತಾಳ,
ನನಗ ಕೇಳೂವಷ್ಟು ಜೋರಾಗಿ.

ಅತ್ಲಾಗ, ಜಯಶೀಲಾ ಬಾಣಂತನಕ್ಕ ಬರತಾಳ ಶ್ರಾವಣಕ್ಕ.
ಹೊಗಿ ತಾಗಬಾರದು ಅಂದಾರ ಡಾಕ್ಟರು.
ಆಕಿ ಅತ್ತಿ ಫೋನ್ ಮಾಡಿ, "ಬಂಬಾದ ನೀರ ಆಗಬೇಕ್ರಿ,
ಬಟನ್ ಒತ್ತಿದ ನೀರಿಗೆ ಸೊಂಟ ಕೂಡೂದಿಲ್ಲ" ಅಂದ್ರು.
ಹಡ್ಯಾಕಿ ಏನೂ ಅಂದಿಲ್ಲ ಇನ್ನೂ.

ಕಂಚಗಾರ ಗಲ್ಲಿಯಿಂದ ಮೌನೇಶಪ್ಪನ್ನ ಕರಸಿದೆ.
ಬಂದು ನೀರು ಕುಡದ, ಕನ್ನಡಕ ಒರಸಿಕೊಂಡ,
ಬೆರಳಿನ ಗೆಣ್ಣಿಲೆ ಕುಟ್ಟಿದ, ಕಿವಿ ಹಚ್ಚಿದ.
"ಮೈ ಗಟ್ಟಿ ಐತ್ರಿ ಅಕ್ಕಾರ.
ನಡುವಿನ ಕೊಳವಿ ತೆಳ್ಳಗಾಗೈತಿ,
ಬೆಂಕಿ ನುಂಗಿ ನುಂಗಿ."
ಬೆಸಗಿ ಹಾಕಿದ್ರ ಎಷ್ಟು ದಿನ ಬಂದೀತು?
"ನೋಡ್ರಿ, ಒಂದು ವರ್ಷ. ಐದೂ ಆದೀತು."
ನಿಮ್ಮ ಮನ್ಯಾಗ ಏನೈತಿ?
ನಾಚಿಕೊಂಡು ಚೀಲದ ಬಾಯಿ ಕಟ್ಟಿದ.
"ಗೀಸರ್ ಐತ್ರಿ."

ಮರುದಿನ ಗುಜರಿ ದಾವಲಸಾಬ ತಕ್ಕಡಿ ತಂದ.
ಹದಿನಾಲ್ಕು ಕಿಲೋ ತೂಗಿತು.
"ಎರಡು ಕಿಲೋ ಮುರಕೋತೀನ್ರಿ," ಅಂದ.
ಯಾಕ?
ಮೊಳಿಯಷ್ಟು ತುದಿಯ ಸಳಿ ಒಳಗ ಹಾಕಿ ಕೆರದ.
ಅಂಗೈಯಾಗ ಒಂದು ಚೂರು ಬಿತ್ತು,
ಬಿಳೀದು, ಪದರ ಪದರ, ಕಲ್ಲಿನಂಥಾದ್ದು.
ಸುಣ್ಣ. ಮಂದಿ ಮೈಮ್ಯಾಲಿಂದ ಹರದು ಹೋದ ನೀರು
ಹೋಗೂ ಮುಂದ ಇಲ್ಲಿ ಇಟ್ಟು ಹೋದದ್ದು.
ಯಾವ ಪದರದಾಗ ಯಾರು ಇದ್ದಾರೋ:
ಹೊಟ್ಟಿನೋವಿನ ಜಯಶೀಲಾ,
ಎಣ್ಣಿ ಹಚ್ಚಿಸಿಕೊಳ್ಳಾಕ ಒಲ್ಲೆ ಅಂದ ಮೈದುನ,
ಅತ್ತಿಯ ಕಡೀ ಜಳಕ, ಅದು ನಾವು ಹಾಕಿದ್ದು.
"ಇದಕ್ಕ ರೊಕ್ಕಾ ಇಲ್ರಿ," ಅಂದ ದಾವಲಸಾಬ,
ತಪ್ಪು ತನ್ನದ ಅನ್ನೂವಂಗ.

ನಾಳೆ ಬಾ ಅಂದೆ.

ರಾತ್ರಿ ಅದರ ಬುಡಕ ಬೋಗಣಿ ಇಟ್ಟೆ.
ಸೀಟಿ ಹೊಡದು ಹೋತು ಯಾವುದೋ ಗೂಡ್ಸ್ ಗಾಡಿ.
ಟಪ್. ಆಮ್ಯಾಲ ಏನೂ ಇಲ್ಲ. ಟಪ್.
ಮುಂಜಾನೆ ತಂಬಿಗಿಲೆ ಅಳದೆ.
ಬಿಲ್ಲಿನ ಬೆನ್ನಿಗೆ, ಅವರ ಮೂರು ಗೆರಿಯ ಬಾಜೂಕ
ನಾಕನೇದು ಎಳದು ಬರದೆ:
ಸೋರಿಕಿ, ರಾತ್ರಿಗೆ ಒಂದೂವರಿ ತಂಬಿಗಿ.
ಚಷ್ಮಾ ಹಾಕಿಕೊಂಡು ಓದಿದ್ರು.
ಅವರಿಗೆ ಅಂಕಿ ಕಂಡ್ರ ಮಾತು ನಿಲ್ತಾವ.
"ದಿನಾ ಅಳದು ಬರಿ," ಅಂದ್ರು,
"ಎರಡಾದ ದಿನ ನೋಡೂಣು."

ಆ ಒಂದೂವರಿ ತಂಬಿಗಿ ನೀರಾಗ ಅಕ್ಕಿ ತೊಳದೆ.
ಆರನೇ ಬೆಂಡಿಗೆ ಕೈ ಹಾಕಿದಾಕಿ,
ಬ್ಯಾಡಂತ ಹೊಳ್ಳಿ ಇಟ್ಟೆ.