ನಿನ್ನೆಯ ಇಪ್ಪತ್ತು

ಎರಡು ಗಂಟೆಯವರೆಗೆ ಹೇಮಗಂಗೋತ್ರಿ,
ಮೂರರಿಂದ ಅಂಗಡಿಗಳು ಬಾಗಿಲೆಳೆಯುವ ತನಕ
ಕಟ್ಟಿನಕೆರೆ ಮಾರ್ಕೆಟ್ಟು.
ಎರಡಕ್ಕೂ ಒಂದೇ ಬ್ಯಾಗು.
ಎಂ.ಕಾಂ. ನೋಟ್ಸು, ಪಿಗ್ಮಿ ಮಿಷನ್ನು, ಟಿಫಿನ್ ಡಬ್ಬಿ
ಮೈಗೆ ಮೈ ತಾಗಿಸಿಕೊಂಡು ಕೂತು
ಬಾಸೆಲ್ ಒಪ್ಪಂದದ ಮೂರೂ ಕಂಬಕ್ಕೆ
ಚಿತ್ರಾನ್ನದ ಎಣ್ಣೆ.

ಈ ವಯಸ್ಸಿಗೆ ಯಾಕೆ ಬೇಕಿತ್ತು ಅಂದವರಿಗೆ
ನಾನು ಹೇಳುವುದಿಷ್ಟೆ:
ಹದಿಮೂರು ವರ್ಷ ಕೌಂಟರಿನ ಈಚೆ ನಿಂತಿದ್ದೇನೆ,
ಆಚೆ ಏನಿದೆ ನೋಡಬೇಕಿತ್ತು.

ಬ್ಯಾಂಕಿಂಗ್ ಮತ್ತು ಹಣಕಾಸು ವಿಭಾಗದ ಹುಡುಗರು
ಅಕ್ಕ ಅನ್ನುವುದೋ ಹೆಸರು ಹಿಡಿಯುವುದೋ ತಿಳಿಯದೆ
ಹಲೋ ಅನ್ನುತ್ತಾರೆ.
ಮಾರ್ಕೆಟ್ಟಿನಲ್ಲಿ ಆ ತಾಪತ್ರಯವಿಲ್ಲ.
ಹಾಲ್‌ಟಿಕೆಟ್ಟಿನ ಸುಪ್ರಭಾ ಜೆ. ಪಿ. ಅಲ್ಲಿ ಬರೀ ಪಿಗ್ಮಿ.
"ಪಿಗ್ಮಿ ಬಂತು, ಚಿಲ್ಲರೆ ತೆಗಿ"
ಕರೆಂಟು ಬಂತು, ನೀರು ಬಂತು ಅನ್ನುವ ಹಾಗೆ.

ನೂರಾ ಹದಿನಾರು ಖಾತೆ.
ಆಲೂಗಡ್ಡೆ ಮಂಡಿಯಲ್ಲಿ ತೂಕ ಹಾಕುವ ನಂಜುಂಡಾಚಾರಿ, ಐವತ್ತು;
ಬಿತ್ತನೆ ಗಡ್ಡೆ ಬರುವ ಮೇ ತಿಂಗಳಲ್ಲಿ ಇನ್ನೂರು,
ಮಿಕ್ಕಂತೆ ಹೆಚ್ಚಾಗಿ "ನಾಳೆ ಬಾ".
ಸೈಕಲ್ ಶಾಪಿನ ಮುಸದ್ದಿಕ್, ಮೂವತ್ತು,
ನೋಟಿನ ಒಂದು ಮೂಲೆಗೆ ಯಾವಾಗಲೂ ಗ್ರೀಸು.
ಹೂವಿನ ಕೆಂಪಾಜಮ್ಮ, ಇಪ್ಪತ್ತು.
ಸೆರಗಿನ ಗಂಟು ಬಿಚ್ಚುವ ಮೊದಲು
ಒಮ್ಮೆ ಹಿಂದೆ ತಿರುಗಿ ನೋಡುತ್ತಾಳೆ.

ರೇವಣಸಿದ್ದಪ್ಪ ಸರ್ ಬೋರ್ಡಿನ ಮೇಲೆ ಬರೆದರು:
ಒಂದು ಕೂಡಿಸು ಆರ್, ಅದರ ನೆತ್ತಿಯ ಮೇಲೆ ಎನ್.
"ಇವತ್ತಿನ ರೂಪಾಯಿ ನಾಳಿನ ರೂಪಾಯಿಗಿಂತ ದೊಡ್ಡದು."
ಎಲ್ಲರೂ ಬರೆದುಕೊಂಡೆವು.
ನಾನು ಕೈ ಎತ್ತಿದೆ.
ವರ್ಷದೊಳಗೆ ಮುರಿದರೆ ಬಡ್ಡಿಯಿಲ್ಲ ಸರ್,
ಮೇಲೆ ನೂರಕ್ಕೆ ಮೂರು ಕಡಿತ.
ಗೊತ್ತಿದ್ದೂ ಯಾಕೆ ಕೊಡುತ್ತಾರೆ ನನಗೆ, ದಿನಾ?
ಸರ್ ನಕ್ಕರು. ಒಳ್ಳೆ ಪ್ರಶ್ನೆ, ಪ್ರಾಜೆಕ್ಟಿಗೆ ತಗೊಳ್ಳಿ,
ಸ್ಯಾಂಪಲ್ ಮಾತ್ರ ಇನ್ನೂರಾದರೂ ಇರಲಿ.

ಪ್ರಶ್ನಾವಳಿ ಹಿಡಿದು ಹೂಬುಟ್ಟಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತೆ.
ಉಳಿತಾಯದ ಮುಖ್ಯ ಉದ್ದೇಶ:
ಅ) ಶಿಕ್ಷಣ ಆ) ಆರೋಗ್ಯ ಇ) ಮದುವೆ ಈ) ಇತರೆ.
ಕೆಂಪಾಜಮ್ಮ ದಾರ ಕಚ್ಚಿ ಕಡಿದಳು.
"ಹಾಸನಾಂಬೆ ಬಾಗ್ಲು ವರ್ಷಕ್ಕೊಂದ್ಸಲ ತೆಗೀತಾರೆ,
ಅದಕ್ಕೇ ಒಳಗಿಟ್ಟ ಹೂ ಬಾಡಲ್ವಂತೆ.
ನನ್ ಸೆರಗಿಗೆ ಬಾಗ್ಲೆಲ್ಲೈತೆ?
ಇದ್ರಲ್ಲಿ ಯಾವ್ದಕ್ಕೆ ಗುರ್ತಾಕ್ತೀಯೋ ಹಾಕ್ಕೋ."
ಇತರೆಗೆ ಹಾಕಿಕೊಂಡೆ.

ಪರೀಕ್ಷೆ ಎರಡರಿಂದ ಐದು.
ಮೂರನೇ ಪ್ರಶ್ನೆ: ಹಣದ ಕಾಲಮೌಲ್ಯ, ಉದಾಹರಣೆಯೊಂದಿಗೆ ವಿವರಿಸಿ.
ಹದಿನೈದು ಅಂಕ.
ಒಂದು ಕಂಪನಿ ಕಟ್ಟಿದೆ. ಹತ್ತು ಲಕ್ಷ, ಐದು ವರ್ಷ,
ನೂರಕ್ಕೆ ಹನ್ನೆರಡು.
ಎಬಿಸಿ ಲಿಮಿಟೆಡ್ ಎಂದು ಹೆಸರಿಟ್ಟೆ.
ಅದಕ್ಕೆ ಸೆರಗಿರಲಿಲ್ಲ, ಹಿಂದೆ ತಿರುಗಿ ನೋಡುತ್ತಿರಲಿಲ್ಲ,
ಲೆಕ್ಕ ಸಲೀಸಾಗಿ ಬಂತು.
ಉತ್ತರದಡಿಗೆ ಎರಡು ಗೆರೆ ಎಳೆದೆ.

ಬಸ್ಸು ಸಿಕ್ಕಿ ಮಾರ್ಕೆಟ್ಟು ತಲುಪಿದಾಗ ಏಳೂವರೆ.
ಬುಟ್ಟಿಯಿದ್ದ ಜಾಗದಲ್ಲಿ ಒಂದು ಒದ್ದೆ ಗೋಣಿ.

ಮರುದಿನ.
"ನಿನ್ನೆ ನೀನ್ ಬರ್ಲಿಲ್ಲ."
ಪರೀಕ್ಷೆ ಇತ್ತಜ್ಜಿ.
"ಏಳ್ಗಂಟೆ ತಂಕ ಗಂಟ್ ಬಿಚ್ನಿಲ್ಲ ಕಣವ್ವ.
ಆಮೇಲ್ ಮನೆಗೋದೆ.
ಮೊಮ್ಮಗ ಬಾಗ್ಲಲ್ಲೇ ನಿಂತಿದ್ದ."
ಮುಂದೆ ಹೇಳಲಿಲ್ಲ.
ಇವತ್ತಿನ ಇಪ್ಪತ್ತನ್ನು ನೀವಿ ನೀವಿ ಮಡಿಕೆ ಬಿಡಿಸಿ ಕೊಟ್ಟಳು.
"ಚೆಂದಾಗ್ ಬರದ್ಯಾ?"
ಹೂಂ ಅಂದೆ.

ಮಿಷನ್ನು ಕಿರಗುಟ್ಟಿ ಚೀಟಿ ಹೊರಹಾಕಿತು.
ಚೀಟಿಗಳನ್ನೆಲ್ಲ ಅವಳು ಕುಂಕುಮದ ಡಬ್ಬಿಯಲ್ಲಿಡುತ್ತಾಳೆ,
ಓದು ಬಾರದಿದ್ದರೂ ತಾರೀಖಿನ ಪ್ರಕಾರ.
ಹದಿನಾಲ್ಕು, ಅದರ ಮೇಲೆ ಹದಿನಾರು.
ಹದಿನೈದು ನನ್ನ ಉತ್ತರಪತ್ರಿಕೆಯಲ್ಲಿದೆ.

ಅಷ್ಟರಲ್ಲಿ ಆಚೆ ಸಾಲಿನಿಂದ ಮುಸದ್ದಿಕ್ ಕೂಗಿದ:
"ಪಿಗ್ಮೀ, ನಿನ್ನೇದೂ ಸೇರಿಸಿ ಎತ್ತಿಟ್ಟಿದೀನಿ, ತಗೊಂಡೋಗು."
ಅರವತ್ತು. ಮೂಲೆಗೆ ಗ್ರೀಸು.

ಸರಿ,
ಇದನ್ನೂ ಬರೆದುಕೊಳ್ಳಬೇಕು.