ಒಳಗೆ ಬಿಟ್ಟ ಬಟ್ಟೆ

ರವಿಕೆ ಹೊಲಿಯುವಾಗ ಪಕ್ಕೆಯ ಒಳಗೆ
ಒಂದೂವರೆ ಇಂಚು ಬಟ್ಟೆ ಬಿಡುತ್ತೇನೆ.
ಕೇಳದಿದ್ದರೂ ಬಿಡುತ್ತೇನೆ.
ಮದುವೆಗೆ ಹೊಲಿಸಿದ್ದು ಸೀಮಂತಕ್ಕೆ ಬಿಗಿಯಾದರೆ
ಹೊಲಿಗೆ ಬಿಚ್ಚಿ ಇನ್ನೊಂದು ಗೆರೆ ಎಳೆದರಾಯಿತು.
ಬಟ್ಟೆ ಕಡಿಮೆ ತಂದವರಿಗೂ
ಅರ್ಧ ಇಂಚಾದರೂ ಉಳಿಸಿಕೊಡುತ್ತಾಳೆ ಅನ್ನುವುದು
ಚೌಕಿಪೇಟೆಯಲ್ಲಿ ನನಗಿರುವ ಒಂದೇ ಹೆಸರು.

ನನಗೆ ನಾನು ಎಷ್ಟು ಬಿಟ್ಟುಕೊಂಡಿದ್ದೇನೆಂದು
ನಲವತ್ತಮೂರರವರೆಗೂ ತಿರುವಿ ನೋಡಿರಲಿಲ್ಲ.

ತಿರುವಿಸಿದ್ದು ತಸ್ಲೀಮ, ಹುಕ್ಕು ಕಾಜಾ ಹಾಕಲು ಬರುವ ಹುಡುಗಿ,
ಪಿಯುಸಿ ಕಾಮರ್ಸು, ಮಾತು ಕತ್ತರಿ.
"ಅಕ್ಕಾ, ನಿಮಗೆ ಪೆನ್ಶನ್ ಯಾರು ಕೊಡ್ತಾರೆ?"
ಹಲ್ಲಲ್ಲಿ ದಾರದ ತುದಿ ಕಚ್ಚಿಕೊಂಡೇ ಕೇಳಿದಳು.
ನಾನು ಮೆಷಿನ್ನಿನ ಕಡೆ ಕೈ ತೋರಿಸಿದೆ.
ಅಪ್ಪನ ಮಿಲ್ಲು ಬಾಗಿಲು ಹಾಕಿದ ವರ್ಷ
ಪಿಎಫ್ ಅಂತ ಬಂದದ್ದರಲ್ಲಿ ಅಕ್ಕನ ಮದುವೆ, ಅಂಗಡಿ ಸಾಲ,
ಕೊನೆಗೆ ಉಳಿದದ್ದು ಈ ಕಾಲುಮೆಷಿನ್ನು.
ಅವನ ಇಪ್ಪತ್ತಾರು ವರ್ಷದ ನೂಲು
ಈಗಲೂ ನನ್ನ ಪಾದದಡಿ ಟಕಟಕ ಅನ್ನುತ್ತದೆ.
"ಅದೂ ನೀವು ತುಳಿದರೆ ತಾನೇ," ಅಂದಳು ತಸ್ಲೀಮ.

ಫೋನಿನ ಫಾರಮ್ಮು ಕೇಳಿತು:
ದುಡ್ಡು ಎಲ್ಲೆಲ್ಲಿ ಹಾಕಬೇಕೆಂದು ನೀವೇ ಹೇಳುತ್ತೀರೋ,
ವಯಸ್ಸು ನೋಡಿ ನಾವೇ ಹಂಚಿಬಿಡೋಣವೋ?
ಬೆರಳು ಅಲ್ಲೇ ನಿಂತಿತು.
ಶಾಲೆ ಬಿಡಿಸುವಾಗ, ಹುಡುಗನನ್ನು ತೋರಿಸುವಾಗ, ಒಲ್ಲೆ ಅಂದಾಗ
ಯಾರೂ ಇಷ್ಟು ಮರ್ಯಾದೆಯಿಂದ ಕೇಳಿರಲಿಲ್ಲ.
ನಾನೇ, ಎಂದು ಒತ್ತಿದೆ.
ನೂರಕ್ಕೆ ನಲವತ್ತು ಶೇರಿಗೆ. ಅದು ಜಾರ್ಜೆಟ್ಟು,
ಕತ್ತರಿಗೆ ಸಿಕ್ಕಿದಂತೆ ಕಂಡು ಜಾರುತ್ತದೆ.
ಉಳಿದದ್ದು ಬಾಂಡಿಗೆ, ದಪ್ಪ ಕೋರಾ ಬಟ್ಟೆ,
ಹೆಚ್ಚು ಹಿಗ್ಗದು, ಬೇಗ ಹರಿಯದು.
ನಾಮಿನಿ ಎಂಬ ಖಾಲಿ ಜಾಗದ ಮುಂದೆ ಮಾತ್ರ
ಎರಡು ದಿನ ಕೂತಿದ್ದೆ.
ಅಕ್ಕನ ಹೆಸರು ಬರೆದೆ.
ಅಪ್ಪನದೂ ಅವಳಿಗೇ ಹೋಗಿತ್ತಲ್ಲ.

ಶ್ರಾವಣದಲ್ಲಿ ಸಾವಿರ, ದೀಪಾವಳಿಗೆ ಎರಡು.
ಆಷಾಢದಲ್ಲಿ ಮದುವೆಯಿಲ್ಲ, ರವಿಕೆಯಿಲ್ಲ,
ಬಾಡಿಗೆಗೆ ಮಾತ್ರ ಆಷಾಢವಿಲ್ಲ.
ಒಂದು ತಿಂಗಳು ಗ್ಯಾಸು ತಿಂದಿತು, ಒಂದು ತಿಂಗಳು ದವಡೆ ಹಲ್ಲು.
ಒಮ್ಮೆ ಶೇರು ಬಿದ್ದು ನಾಲ್ಕು ತಿಂಗಳ ಫಾಲು-ಪಿಕೋ
ಒಂದೇ ಮಧ್ಯಾಹ್ನ ಕರಗಿತು;
ಅವತ್ತು ಮಂಡಕ್ಕಿ-ಮಿರ್ಚಿಯೂ ಗಂಟಲಿಗಿಳಿಯಲಿಲ್ಲ.
"ಬಿಚ್ಚಬೇಡಿ ಅಕ್ಕ," ಅಂದಳು ಹುಡುಗಿ,
"ಒದ್ದೆ ಬಟ್ಟೆ ಯಾರಾದರೂ ಅಳೀತಾರಾ?"
ನನ್ನ ಮಾತನ್ನೇ ನನಗೆ ಹೊಲಿದು ಕೊಟ್ಟಳು.

ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಈ ಲೆಕ್ಕ.
ಮುಂದೆ ಪೇಟೆಯ ಹೆಂಗಸರೆಲ್ಲ: ಎದೆ, ಸೊಂಟ, ತೋಳು.
ಎಣ್ಣೆಗಾಣದ ಹಾಲಮ್ಮನ ಇಪ್ಪತ್ತೈದು ವರ್ಷ
ಒಂದೇ ಪುಟದಲ್ಲಿದೆ, ಅಂಕಿ ಹೊಡೆದು ಅಂಕಿ ಬರೆದು.
ಅರವತ್ತು ಹೇಗಿರುತ್ತದೆಂದು ನನಗೆ ಟೇಪಿನಿಂದ ಗೊತ್ತು.
ಭುಜ ಅರ್ಧ ಇಂಚು ಇಳಿಯುತ್ತದೆ,
ಬೆನ್ನಿನ ಉದ್ದ ಹೆಚ್ಚು ಬೇಕು, ಮುಂದಿನದು ಕಡಿಮೆ ಸಾಕು,
ಹುಕ್ಕು ಮುಂದೆಯೇ ಇರಲಿ, ಕೈ ಹಿಂದೆ ಹೋಗದು.
ದುಡ್ಡು ಕೊಡುವಾಗ ಕೆಲವರು
ಗೋಡೆ ಕಡೆ ತಿರುಗಿ ಎಲೆಯಡಿಕೆ ಚೀಲ ಬಿಚ್ಚುತ್ತಾರೆ.
ಕೆಲವರು "ಮಗ ಬರಲಿ, ಕೊಡ್ತೀನಿ" ಅನ್ನುತ್ತಾರೆ
ನೆಲ ನೋಡುತ್ತಾ.
ಬಾಕಿಯವರ ಪುಟದ ಮೂಲೆ ಮಡಚುವ ನಾನು
ಅವರದನ್ನು ಮಡಚುವುದಿಲ್ಲ.

ಈಗ ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿದ್ದೇನೆ.
ಬ್ಯಾಗಿನಲ್ಲಿ ಐದು ರವಿಕೆ, ನಿಟ್ಟುವಳ್ಳಿಗೆ ಮುಟ್ಟಿಸಬೇಕು.
ಗೂಡ್ಸು ಗಾಡಿ, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಲಕ್ಷಣವಿಲ್ಲ.
ಬಿಸಿಲಿಗೆ ಅಂಗೈ ಅಡ್ಡ ಹಿಡಿದು
ಫೋನಿನಲ್ಲಿ ಐನೂರು ಎಂದು ಒತ್ತಿದೆ. ಈ ತಿಂಗಳು ಅಷ್ಟೇ.
ಸುತ್ತಿತು, ಸುತ್ತಿತು, ಆಯಿತು ಅಂತು.
ಹಿಂದಿನವನು ಹಾರನ್ ಹೊಡೆಯುತ್ತಿದ್ದಾನೆ.
ಗೇಟು ಇನ್ನೂ ಎದ್ದಿಲ್ಲ, ಮಾರಾಯ.